ಕೀಲುವಾತವೂ ಎರಡನೆಯ ಮಗುವಿನ ಆಸೆಯೂ

(ಸಂಘದ ವಾರ್ಷಿಕ ಸಮಾವೇಶದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಪ್ರತಿ ವರ್ಷ ನಾನು ಈ ಗೋಷ್ಠಿಯಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶದ ಬಗ್ಗೆಯೋ, ಉರ್ದು ಶಾಲೆಯ ಮಕ್ಕಳಿಗೆ ಕನ್ನಡ ಕಲಿಸುವ ಬಗ್ಗೆಯೋ ಮಾತನಾಡುತ್ತಿದ್ದೆ. ಈ ಸಲ ಕಾರ್ಯದರ್ಶಿಯವರು "ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಿ ಟೀಚರ್" ಎಂದರು. ನಾನು ವೈದ್ಯೆಯಲ್ಲ, ಬಿ.ಎಡ್. ಮಾಡಿದ ಶಿಕ್ಷಕಿ. ಆದರೆ ಒಂದು ಕಾಯಿಲೆಯ ಪಾಠವನ್ನು 2018ರಿಂದ ಕಲಿಯುತ್ತಾ ಬಂದಿದ್ದೇನೆ. ಅದನ್ನೇ ಹೇಳುತ್ತೇನೆ. ಗಂಡಸರು ಎದ್ದು ಹೋಗಬೇಕಾಗಿಲ್ಲ, ನಿಮಗೂ ಇದರಲ್ಲಿ ಕೆಲಸವಿದೆ.

ನನ್ನ ಮಗಳಿಗೆ ಐದು ತಿಂಗಳಾಗಿದ್ದಾಗ ಶುರುವಾಯಿತು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಮಗುವಿನ ಅಂಗಿಯ ಗುಂಡಿ ಹಾಕಲಾಗದೆ ಅತ್ತಿದ್ದೇನೆ. ರಜೆ ಮುಗಿದು ಶಾಲೆಗೆ ಹೊರಟ ಮೇಲೆ ಚಳ್ಳಕೆರೆಯಲ್ಲಿ ಬಸ್ಸು ಹತ್ತುವಾಗ ಕಂಬಿ ಹಿಡಿಯಲಾಗುತ್ತಿರಲಿಲ್ಲ, ತಳಕು ದಾಟಿದ ಮೇಲೆ ನಿಧಾನವಾಗಿ ಕೈ ಬಿಡುತ್ತಿತ್ತು. ಕಪ್ಪು ಹಲಗೆಯ ಮೇಲೆ ಉರ್ದು ಸಾಲನ್ನು ಹೇಗೋ ಎಳೆದು ಬಿಡುತ್ತಿದ್ದೆ. ಕನ್ನಡದ ದುಂಡಕ್ಷರಕ್ಕೆ ಮಣಿಕಟ್ಟು ತಿರುಗಬೇಕಲ್ಲ, 'ಋ' ಬರೆಯುವಾಗ ಕಣ್ಣಲ್ಲಿ ನೀರು ಬರುತ್ತಿತ್ತು.

ಮನೆಯಲ್ಲಿ "ಬಾಣಂತಿ ವಾಯು" ಎಂದರು. ಪಕ್ಕದ ಮನೆಯವರು "ಚಿಕುನ್‌ಗುನ್ಯ ಇರ್ಬೇಕು ಕಣಮ್ಮ" ಎಂದರು. ತಪ್ಪೇನಲ್ಲ, 2006ರಲ್ಲಿ ಆ ಜ್ವರ ನಮ್ಮ ರಾಜ್ಯದ ತುಂಬ ಹಬ್ಬಿದಾಗ ಎಷ್ಟೋ ಜನ ತಿಂಗಳುಗಟ್ಟಲೆ ಕೀಲು ಹಿಡಿದುಕೊಂಡು ಕೂತಿದ್ದರು. ಬೋರ್‌ವೆಲ್ ನೀರಿನ ಫ್ಲೋರೈಡ್ ಎಂದವರೂ ಇದ್ದರು. ನಮ್ಮ ಜಿಲ್ಲೆಯಲ್ಲಿ ಆ ಅನುಮಾನವೂ ಸಹಜವೇ. ಆದರೆ ನನ್ನದು ಈ ಯಾವುದೂ ಆಗಿರಲಿಲ್ಲ. ಒಂದು ಔಷಧದ ಅಂಗಡಿಯವರು ಕೊಟ್ಟ ಮಾತ್ರೆ ನುಂಗಿದೆ, ಒಂದು ಕಡೆ ತಿಂಗಳಿಗೊಂದು ಇಂಜೆಕ್ಷನ್ ಹಾಕಿಸಿಕೊಂಡೆ. ಹಾಕಿಸಿಕೊಂಡ ವಾರ ನವಾಬರಂತೆ ಓಡಾಟ, ಮುಂದಿನ ವಾರ ಮತ್ತೆ ಮಂಚ. ಆ ಸೂಜಿಯಲ್ಲಿ ಏನಿತ್ತೆಂದು ಒಂದೂವರೆ ವರ್ಷ ನಾನು ಕೇಳಲಿಲ್ಲ. ಮಕ್ಕಳಿಗೆ ಪ್ರಶ್ನೆ ಕೇಳಲು ಕಲಿಸುವವಳು ನಾನು! ಕೊನೆಗೆ ತಿಳಿಯಿತು, ಅದು ಸ್ಟೀರಾಯ್ಡ್. ಊತವನ್ನು ಅಡಗಿಸುತ್ತದೆ, ರೋಗಕ್ಕೆ ಹೆಸರಿಡಲು ಬಿಡುವುದಿಲ್ಲ.

2019ರ ಕೊನೆಯಲ್ಲಿ ಚಿತ್ರದುರ್ಗದ ವೈದ್ಯರೊಬ್ಬರು ಎರಡೂ ಕೈಗಳನ್ನು ಒತ್ತಿ ನೋಡಿ, ಇ.ಎಸ್.ಆರ್., ಆರ್.ಎ. ಫ್ಯಾಕ್ಟರ್, ಆಂಟಿ ಸಿ.ಸಿ.ಪಿ. ಎಂಬ ರಕ್ತಪರೀಕ್ಷೆಗಳನ್ನು ಬರೆದುಕೊಟ್ಟರು. ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಹೆಸರು ಸಿಕ್ಕಿತು. ನಮ್ಮ ಮನೆಮಾತಿನಲ್ಲಿ ಗಠಿಯಾ, ಕನ್ನಡದಲ್ಲಿ ಸಂಧಿವಾತ ಎನ್ನುತ್ತಾರೆ. ಮುಪ್ಪಿನಲ್ಲಿ ಮಂಡಿ ಸವೆದು ಬರುವ ನೋವೇ ಬೇರೆ. ಇದರಲ್ಲಿ ರೋಗಾಣುಗಳ ಮೇಲೆ ಕಾಯಬೇಕಾದ ನಮ್ಮ ದೇಹದ ರಕ್ಷಣಾ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಹೆರಿಗೆಯಾದ ಮೊದಲ ವರ್ಷದಲ್ಲಿ ತಲೆ ಎತ್ತುವುದೂ ಉಂಟು. ಎರಡೂ ಕೈಯ ಸಣ್ಣ ಕೀಲುಗಳು ಊದಿ, ಬೆಳಗಿನ ಬಿಗಿತ ಅರ್ಧ ಗಂಟೆ, ಒಂದು ಗಂಟೆ ಕಳೆದರೂ ಬಿಡದೆ, ಹೀಗೇ ಆರು ವಾರ ನಡೆದರೆ, ತಾಯಂದಿರೇ, ಇನ್ನೊಂದು ವಾರ ಕಾಯಬೇಡಿ. ಕೀಲು ಒಮ್ಮೆ ಸವೆದು ಸೊಟ್ಟಗಾದರೆ ಮಾತ್ರೆಯಿಂದ ನೇರವಾಗುವುದಿಲ್ಲ.

ಕೀಲುರೋಗದ ತಜ್ಞರು ನಮ್ಮ ತಾಲ್ಲೂಕುಗಳಲ್ಲಿ ಕೂರುವುದಿಲ್ಲ, ಬೆಂಗಳೂರಿಗೆ ಹೋದೆ. ಅಲ್ಲಿ ಕೊಟ್ಟ ಮುಖ್ಯ ಮಾತ್ರೆ ಮೆಥೋಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ. ಇದನ್ನು ಎರಡು ಸಲ ಹೇಳುತ್ತೇನೆ: ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಭಾನುವಾರಕ್ಕೆ ಕೆಂಪು ಸುತ್ತು ಹಾಕಿದ್ದೆ. ಬೇರೆ ದಿನ ಫೋಲಿಕ್ ಆಸಿಡ್ ಎಂಬ ಸಣ್ಣ ಮಾತ್ರೆ.

ಈ ಎರಡು ಮಾತ್ರೆಗಳ ಕಥೆ ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಗರ್ಭಿಣಿಯರಿಗೆ ಬರುತ್ತಿದ್ದ ರಕ್ತಹೀನತೆ ಏಕೆಂದು ನೋಡಲು. ಹೆಚ್ಚು ಬಳಲುತ್ತಿದ್ದವರು, ಊಟವೂ ತೀರ ಕಡಿಮೆ ಇದ್ದವರು, ಬಡ ಮುಸ್ಲಿಂ ಹೆಂಗಸರು. ಈಸ್ಟಿನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ಆಹಾರ ಕೊಟ್ಟಾಗ ಅವರು ಚೇತರಿಸಿಕೊಂಡರು. 1931ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅದರಲ್ಲಿದ್ದ ಅಂಶವೇ ಮುಂದೆ ಫೋಲಿಕ್ ಆಸಿಡ್ ಎನಿಸಿತು. ಇಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ತರುವ ಕಬ್ಬಿಣಾಂಶದ ಮಾತ್ರೆಯಲ್ಲಿ ಇರುವುದೂ ಅದೇ. ಎರಡನೆಯವರು ಯಲ್ಲಾಪ್ರಗಡ ಸುಬ್ಬರಾವ್. ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಲೆಡರ್ಲೆ ಪ್ರಯೋಗಾಲಯದ ಅವರ ತಂಡ 1940ರ ದಶಕದಲ್ಲಿ ಫೋಲಿಕ್ ಆಸಿಡ್ ತಯಾರಿಸಿತು. ಆಮೇಲೆ ಅದರ ರಚನೆಯನ್ನು ಸ್ವಲ್ಪ ತಿರುಚಿ, ಅದರ ಕೆಲಸಕ್ಕೆ ಅಡ್ಡ ಬರುವ ಔಷಧಗಳನ್ನೂ ಮಾಡಿತು. ಮೆಥೋಟ್ರೆಕ್ಸೇಟ್ ಆ ಕುಟುಂಬದ್ದು. ಮೊದಲು ರಕ್ತದ ಕ್ಯಾನ್ಸರಿಗೆ, ಬಹಳ ಕಡಿಮೆ ಪ್ರಮಾಣದಲ್ಲಿ ನಮ್ಮಂಥವರ ಕೀಲಿಗೆ.

ಇಷ್ಟು ತಿಳಿದರೆ ಮುಂದಿನದು ತಾನೇ ತಿಳಿಯುತ್ತದೆ. ಹೊಟ್ಟೆಯಲ್ಲಿ ಮಗು ಬೆಳೆಯಲು, ಅದರ ಬೆನ್ನುಹುರಿ, ಮಿದುಳು ಮೂಡಲು ಫೋಲಿಕ್ ಆಸಿಡ್ ಬೇಕೇ ಬೇಕು. ಅದಕ್ಕೆ ಅಡ್ಡ ಬರುವ ಮಾತ್ರೆ ಒಳಗಿದ್ದರೆ ಗರ್ಭ ನಿಲ್ಲದೆ ಹೋಗಬಹುದು, ಮಗುವಿಗೆ ಅಂಗದೋಷ ಬರಬಹುದು. ಆದ್ದರಿಂದ ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವಷ್ಟು ಕಾಲವೂ ಗರ್ಭನಿರೋಧಕ ಬೇಕು. ಇದನ್ನು ವೈದ್ಯರು ಮೊದಲ ದಿನವೇ ಹೇಳಿದರು. ಮನೆಯಲ್ಲಿ ಹೇಳಲು ನನಗೇ ಧೈರ್ಯ ಬರಲಿಲ್ಲ.

ನಮ್ಮ ಅತ್ತೆಯವರು ಒಳ್ಳೆಯವರು. ಆದರೆ ಮಗಳಿಗೆ ಮೂರು ತುಂಬಿದ ಮೇಲೆ "ಬೇಟಿ, ಒಂದಕ್ಕೆ ಜೊತೆ ಬೇಡವೇ?" ಎಂದು ಕೇಳುವುದು ಬಿಡಲಿಲ್ಲ. ಆಸೆ ಅವರಿಗಿಂತ ನನಗೇ ಹೆಚ್ಚಿತ್ತು. ಆಗ ಬಂಧುವೊಬ್ಬರು "ಅದು ಕ್ಯಾನ್ಸರ್ ಮಾತ್ರೆ, ಬಿಟ್ಟುಬಿಡು" ಎಂದರು. ಯಾರನ್ನೂ ಕೇಳದೆ ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ಬಿಟ್ಟೆ. ಎರಡು ತಿಂಗಳಿಗೆ ಮಣಿಕಟ್ಟು, ಪಾದ, ದವಡೆ ಕೂಡ ಊದಿಕೊಂಡವು. ನಮಾಜಿಗೆ ಕುರ್ಚಿ ಬಂತು, ಶಾಲೆಗೆ ಅರ್ಧ ವೇತನದ ರಜೆ ಬಂತು. ಮಗು ಬರಲಿಲ್ಲ. ಎಡಗೈಯ ಈ ಬೆರಳು ಆಗ ಸೊಟ್ಟಗಾದದ್ದು.

ತಜ್ಞರು ಬೈಯಲಿಲ್ಲ. "ನೋಡಮ್ಮ, ಮಗು ಬೇಕು ಅಂತ ನನಗೆ ಮೊದಲೇ ಹೇಳಿದ್ರೆ ದಾರಿ ಮಾಡ್ತಿದ್ದೆ" ಎಂದರು. ಆ ದಾರಿ ಹೀಗಿದೆ. ಮೊದಲು ರೋಗ ಹತೋಟಿಗೆ ಬಂದು ಮೂರರಿಂದ ಆರು ತಿಂಗಳು ಹಾಗೆಯೇ ಇರಬೇಕು. ಉರಿಯುತ್ತಿರುವ ರೋಗದಲ್ಲಿ ಗರ್ಭ ನಿಲ್ಲುವುದೂ ತಡ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಭಯವೂ ಹೆಚ್ಚು. ಮೆಥೋಟ್ರೆಕ್ಸೇಟನ್ನು ಒಂದರಿಂದ ಮೂರು ತಿಂಗಳು ಮೊದಲೇ ನಿಲ್ಲಿಸಬೇಕು, ನನಗೆ ಮೂರು ಎಂದರು. ಲೆಫ್ಲುನೊಮೈಡ್ ಎಂಬ ಇನ್ನೊಂದು ಮಾತ್ರೆ ಇದೆ, ಅದು ದೇಹದಲ್ಲಿ ಎರಡು ವರ್ಷದವರೆಗೂ ಉಳಿಯಬಹುದು. ಅದನ್ನು ಹೊರಹಾಕಲು ಬೇರೆ ಔಷಧ ಕೊಡುತ್ತಾರೆ. ಮದುವೆಗೆ ಮುಂಚಿನ ಹೆಣ್ಣುಮಕ್ಕಳು ಈ ಹೆಸರನ್ನು ನೆನಪಿಡಿ. ಬದಲಿಗೆ ಗರ್ಭಿಣಿಯೂ ತೆಗೆದುಕೊಳ್ಳಬಹುದಾದವು ಇವೆ: ಹೈಡ್ರಾಕ್ಸಿಕ್ಲೋರೋಕ್ವಿನ್, ಫೋಲಿಕ್ ಆಸಿಡ್ ಜೊತೆಗೆ ಸಲ್ಫಾಸಲಜೀನ್, ಬೇಕಾದರೆ ಕಡಿಮೆ ಪ್ರಮಾಣದ ಪ್ರೆಡ್ನಿಸೊಲೋನ್. ಇವುಗಳನ್ನು ಹಾಲೂಡಿಸುವಾಗಲೂ ಕೊಡುತ್ತಾರೆ. ಮೊದಲನೆಯದನ್ನು 2020ರ ಕೋವಿಡ್ ಕಾಲದಲ್ಲಿ ಕಾಯಿಲೆಯಿಲ್ಲದವರೆಲ್ಲ ಕೊಂಡಿಟ್ಟುಕೊಂಡರು, ನಮ್ಮಂಥವರು ಅಂಗಡಿ ಅಂಗಡಿ ಅಲೆದೆವು. ಅದಿರಲಿ. ನೋವಿನ ಮಾತ್ರೆಗಳ ವಿಷಯದಲ್ಲೂ ಎಚ್ಚರ ಬೇಕು. ಕೆಲವು ಅಂಡ ಬಿಡುಗಡೆಯಾಗುವುದಕ್ಕೇ ಅಡ್ಡಿಯಾಗುತ್ತವೆ, ಐದು ತಿಂಗಳು ತುಂಬಿದ ಮೇಲಂತೂ ವೈದ್ಯರು ಹೇಳದೆ ಮುಟ್ಟಬಾರದು.

ಗಂಡಸರಿಗೆ ಕೆಲಸವಿದೆ ಎಂದೆನಲ್ಲ. ಈ ಕಾಯಿಲೆ ಗಂಡಸರಿಗೂ ಬರುತ್ತದೆ. ಸಲ್ಫಾಸಲಜೀನ್ ತೆಗೆದುಕೊಳ್ಳುವ ಗಂಡಸರಲ್ಲಿ ವೀರ್ಯಾಣು ಕಡಿಮೆಯಾಗಬಹುದು, ನಿಲ್ಲಿಸಿದರೆ ಸರಿಹೋಗುತ್ತದೆ. ಮಗುವಾಗಲಿಲ್ಲವೆಂದು ಹೆಂಡತಿಯೊಬ್ಬಳನ್ನೇ ಊರೂರು ಸುತ್ತಿಸಬೇಡಿ. ನನ್ನ ಯಜಮಾನರು ಆ ಎರಡನೆಯ ಸಲದಿಂದ ಪ್ರತಿ ಭೇಟಿಗೂ ಜೊತೆಗೆ ಬಂದರು. ಅತ್ತೆಯವರಿಗೆ ವಿಷಯ ಹೇಳಿದವರೂ ಅವರೇ. ಅತ್ತೆ ಕೇಳಿದ್ದು ಒಂದೇ: "ಮಗುವಿಗೂ ಬರುತ್ತದಾ?" ತಾಯಿಗಿದ್ದರೆ ಅಪಾಯ ಸ್ವಲ್ಪ ಹೆಚ್ಚು, ಬಂದೇ ಬರುತ್ತದೆ ಎಂದೇನಿಲ್ಲ ಎಂದು ವೈದ್ಯರು ಹೇಳಿದರು. ಅಂದಿನಿಂದ ಬೆಳಗಿನ ರೊಟ್ಟಿಯ ಹಿಟ್ಟು ಅತ್ತೆಯೇ ನಾದುತ್ತಾರೆ.

ಇನ್ನೊಂದು ವಿಚಿತ್ರ ಹೇಳಲೇಬೇಕು. ಗರ್ಭ ನಿಂತಾಗ ಸುಮಾರು ಅರ್ಧದಷ್ಟು ಹೆಂಗಸರಲ್ಲಿ ಈ ನೋವು ತಾನೇ ಇಳಿಯುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಎಂಬ ವೈದ್ಯರು 1938ರಲ್ಲೇ ಇದನ್ನು ಬರೆದರು. ಗರ್ಭಿಣಿಯ ದೇಹದಲ್ಲಿ ಯಾವುದೋ ಔಷಧವಿರಬೇಕೆಂದು ಹುಡುಕುತ್ತಾ ಹೋಗಿ 1948ರಲ್ಲಿ ಕಾರ್ಟಿಸೋನ್ ಪ್ರಯೋಗಿಸಿದರು. 1950ರಲ್ಲಿ ಕೆಂಡಾಲ್ ಮತ್ತು ರೈಕ್‌ಸ್ಟೈನ್ ಅವರ ಜೊತೆ ನೊಬೆಲ್ ಬಂತು. ನನಗೆ ತಿಂಗಳಿಗೊಂದು ಚುಚ್ಚುತ್ತಿದ್ದ ಸ್ಟೀರಾಯ್ಡಿನ ಮೂಲ ಅಲ್ಲಿದೆ. ಆದರೆ ಹೆರಿಗೆಯ ನಂತರದ ತಿಂಗಳುಗಳಲ್ಲಿ ನೋವು ಮರಳಿ ಬರುವುದೇ ಹೆಚ್ಚು. ಮಗುವನ್ನು ಎತ್ತಬೇಕಾದ ಹೊತ್ತಿಗೇ ಕೈ ಹಿಡಿಯುತ್ತದೆ. ಅದಕ್ಕೆ ಮೊದಲೇ ವ್ಯವಸ್ಥೆ ಮಾಡಿಟ್ಟುಕೊಳ್ಳಬೇಕು. ಸರಕಾರಿ ನೌಕರಿಯ ಸಹೋದರಿಯರಿಗೆ ಎರಡು ಮಕ್ಕಳವರೆಗೆ 180 ದಿನಗಳ ಹೆರಿಗೆ ರಜೆ ಇದೆ. ಮನೆಯಲ್ಲೇ ದುಡಿಯುವವರಿಗೆ ಆ ರಜೆ ಯಾರು ಕೊಡಬೇಕೆಂದು ಇಲ್ಲಿ ಕುಳಿತಿರುವ ಮನೆಯವರೇ ಯೋಚಿಸಿ. ಸರಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ನೇ ತಾರೀಖು ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಕೀಲುವಾತದ ಚೀಟಿಯನ್ನು ಅಲ್ಲಿ ಮುಚ್ಚಿಡಬೇಡಿ, ಮೊದಲು ಅದನ್ನೇ ತೋರಿಸಿ.

ನನ್ನ ಮೆಥೋಟ್ರೆಕ್ಸೇಟ್ ನಿಂತು ಐದು ತಿಂಗಳಾಗಿವೆ. ಇ.ಎಸ್.ಆರ್. ಹತೋಟಿಯಲ್ಲಿದೆ. ಕಣ್ಣಿನ ಪರೀಕ್ಷೆಯೂ ಆಯಿತು, ಹೈಡ್ರಾಕ್ಸಿಕ್ಲೋರೋಕ್ವಿನ್ ತೆಗೆದುಕೊಳ್ಳುವವರು ಅದನ್ನು ಮಾಡಿಸುತ್ತಿರಬೇಕು. ಮಗು ಇನ್ನೂ ನಿಂತಿಲ್ಲ. ನನಗೆ ಮೂವತ್ತಾರು, ಅದನ್ನೂ ಲೆಕ್ಕ ಹಾಕುತ್ತೇನೆ. ಕ್ಯಾಲೆಂಡರಿನ ಭಾನುವಾರದ ಕೆಂಪು ಸುತ್ತು ಈಗಿಲ್ಲ. ಮಗಳು ಏಕೆಂದು ಕೇಳಿದಳು, ನಾನು ಹೇಳಿದೆ. ಅವಳು ಯೋಚಿಸಿ, "ತಮ್ಮ ಬಂದರೆ ಅಂಗಿ ಗುಂಡಿ ನಾನೇ ಹಾಕುತ್ತೇನೆ" ಎಂದಳು.

ಮಾತ್ರೆ, ಪರೀಕ್ಷೆ, ತಾರೀಖು ಎಲ್ಲವನ್ನೂ ಬರೆದಿಟ್ಟ ನೋಟ್‌ಬುಕ್ ತಂದಿದ್ದೇನೆ. ನೋಡಬೇಕೆನ್ನುವ ತಾಯಂದಿರು ಚಹಾದ ವೇಳೆಯಲ್ಲಿ ಹಿಂದಿನ ಸಾಲಿಗೆ ಬನ್ನಿ, ಅಲ್ಲೇ ಕುಳಿತಿರುತ್ತೇನೆ.