ಬಿಟ್ಟುಹೋದವರ ಕುರುಹು: ಬಾಹ್ಯಾಕಾಶ ನಿಲ್ದಾಣದ ಒಂಟಿ ಆಟಗಳ ಬಗ್ಗೆ



ವಿಡಿಯೊ ಗೇಮ್ ಬಗ್ಗೆ ವಿಚಾರಸಂಕಿರಣ ಬೇಕೇ ಎಂದು ಕೇಳುವವರಿದ್ದಾರೆ. ಮಕ್ಕಳ ಕೈಯಿಂದ ಮೊಬೈಲು ಬಿಡಿಸುವುದರಲ್ಲೇ ಸುಸ್ತಾದ ತಂದೆತಾಯಿಗಳ ಕಳವಳ ದೊಡ್ಡದು. ದುಡ್ಡು ಕಟ್ಟಿ ಆಡುವ ಆಟಗಳಿಂದ ಹಾಳಾದ ಮನೆಗಳನ್ನೂ ನಾವು ಕಂಡಿದ್ದೇವೆ. ಆ ಕಳವಳವನ್ನು ತಳ್ಳಿಹಾಕಲು ನಾನಿಲ್ಲಿ ನಿಂತಿಲ್ಲ. ನಾನು ಹೇಳಬೇಕೆಂದಿರುವುದು ಬೇರೊಂದು ಬಗೆಯ ಆಟದ ಬಗ್ಗೆ. ಅದರಲ್ಲಿ ಗುಂಡು ಹಾರುವುದಿಲ್ಲ, ಅಂಕ ಇಲ್ಲ, ಎದುರಾಳಿ ಇಲ್ಲ. ಆಡುವವರು ಒಬ್ಬರೇ ಒಂದು ಜಾಗಕ್ಕೆ ಹೋಗುತ್ತಾರೆ. ಅಲ್ಲಿ ಇದ್ದವರು ಹೋಗಿಬಿಟ್ಟಿದ್ದಾರೆ. ಅವರು ಬಿಟ್ಟ ಸಾಮಾನು, ಬರೆದಿಟ್ಟ ಚೀಟಿ, ಅರ್ಧಕ್ಕೆ ನಿಂತ ಕೆಲಸ ನೋಡುತ್ತ ಅವರು ಯಾರು, ಏನಾಯಿತು ಎಂದು ತಿಳಿಯುತ್ತಾ ಹೋಗುವುದೇ ಆಟ. ಇಂಥ ಆಟಗಳು ಮತ್ತೆ ಮತ್ತೆ ಆರಿಸಿಕೊಂಡ ಜಾಗ ಬಾಹ್ಯಾಕಾಶ ನಿಲ್ದಾಣ.

ಅಮೆರಿಕದ ಫುಲ್‌ಬ್ರೈಟ್ ಎಂಬ ಸಣ್ಣ ತಂಡ 2017ರಲ್ಲಿ ತಂದ ‘ಟಕೋಮಾ’ ಆಟವನ್ನೇ ನೋಡಿ. ಕಥೆಯ ಕಾಲ 2088. ಭೂಮಿಗೂ ಚಂದ್ರನಿಗೂ ನಡುವಿನ ದಾರಿಯಲ್ಲಿ ಟಕೋಮಾ ಎಂಬ ನಿಲ್ದಾಣ. ಅಲ್ಲಿ ಆರು ಮಂದಿ ಕೆಲಸಗಾರರಿದ್ದರು, ಈಗ ಯಾರೂ ಇಲ್ಲ. ಏಮಿ ಫೆರಿಯರ್ ಎಂಬ ಗುತ್ತಿಗೆ ಕೆಲಸಗಾರ್ತಿಯಾಗಿ ನಾವು ಒಳಗೆ ಹೋಗುತ್ತೇವೆ. ನಿಲ್ದಾಣವನ್ನು ನೋಡಿಕೊಳ್ಳುತ್ತಿದ್ದ ಓಡಿನ್ ಎಂಬ ಕೃತಕ ಬುದ್ಧಿಮತ್ತೆಯನ್ನೂ ಅದರ ದಾಖಲೆಗಳನ್ನೂ ತರಬೇಕು, ನಿಲ್ದಾಣದ ಒಡೆತನದ ಕಂಪನಿ ವಹಿಸಿದ ಕೆಲಸ ಇಷ್ಟೇ. ದಾಖಲೆ ಇಳಿಯಲು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ಸುಮ್ಮನೆ ನಿಂತರೂ ಆಟ ಬೇಡವೆನ್ನುವುದಿಲ್ಲ. ಯಾರೂ ಸುಮ್ಮನೆ ನಿಲ್ಲುವುದಿಲ್ಲ, ಅದು ಬೇರೆ ಮಾತು. ಡ್ರಾಯರು ಎಳೆದು ನೋಡುತ್ತೇವೆ, ಹಾಸಿಗೆಯ ಪಕ್ಕದ ಪುಸ್ತಕ ತಿರುವುತ್ತೇವೆ, ಮನೆಯಿಂದ ಬಂದ ಕಾಗದ ಓದುತ್ತೇವೆ.

ನಿಲ್ದಾಣ ತನ್ನೊಳಗಿನ ಜನರ ಓಡಾಟವನ್ನೆಲ್ಲ ದಾಖಲಿಸಿಟ್ಟಿರುತ್ತದೆ. ಅದನ್ನು ಚಾಲೂ ಮಾಡಿದರೆ ಆರು ಮಂದಿ ಆರು ಬಣ್ಣದ ಆಕೃತಿಗಳಾಗಿ ಎದ್ದು ನಡೆದಾಡುತ್ತಾರೆ. ಮುಖ ಕಾಣುವುದಿಲ್ಲ, ದನಿ ಕೇಳುತ್ತದೆ. ಒಬ್ಬರ ಬೆನ್ನು ಹಿಡಿದು ಹೋದರೆ ಪಕ್ಕದ ಕೋಣೆಯ ಮಾತು ತಪ್ಪುತ್ತದೆ. ಕಾಲವನ್ನು ಹಿಂದಕ್ಕೆ ಸರಿಸಿ, ಈ ಸಲ ಇನ್ನೊಬ್ಬರ ಜೊತೆ ಹೋಗಬೇಕು. ಮೊದಲ ಸಲ ಎಲ್ಲರ ನಡುವೆ ಗಟ್ಟಿಯಾಗಿ ಕಂಡವರು ಎರಡನೆಯ ಸಲ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡಾಗ ಕುಸಿದು ಕೂರುವುದು ಕಾಣುತ್ತದೆ. ವೈದ್ಯೆ ಸಾರೆ ಹಸ್ಮದಿ ಗಾಬರಿಯಿಂದ ಉಸಿರು ಕಟ್ಟಿದಂತಾಗಿ ನಿಂತಾಗ ಆಕೆಗೆ ಸಮಾಧಾನ ಹೇಳುವುದು ಓಡಿನ್. ಸಸ್ಯಗಳನ್ನು ನೋಡಿಕೊಳ್ಳುವ ಆಂಡ್ರ್ಯೂಗೆ ಭೂಮಿಯ ಮೇಲಿರುವ ಮಗನ ಚಿಂತೆ. ದೊಡ್ಡ ಘಟನೆ ಅಂದರೆ ಆಮ್ಲಜನಕದ ಅಪಘಾತ. ಉಳಿದದ್ದು ಎರಡು ದಿನಕ್ಕಾಗುವಷ್ಟು ಗಾಳಿ. ಅದು ಅಪಘಾತವಲ್ಲ, ಕಂಪನಿಯೇ ಮಾಡಿಸಿದ್ದು ಎನ್ನುವುದು ನಿಧಾನವಾಗಿ ತಿಳಿಯುತ್ತದೆ. ಕಕ್ಷೆಯ ನಿಲ್ದಾಣಗಳಲ್ಲಿ ಮನುಷ್ಯರು ಇರಲೇಬೇಕೆಂಬ ಕಾನೂನು ತೆಗೆಸಿ, ಎಲ್ಲವನ್ನೂ ಯಂತ್ರಗಳಿಗೆ ಒಪ್ಪಿಸುವುದು ಅದರ ಹಂಚಿಕೆ. ಕೆಲಸ ಕಳೆದುಕೊಳ್ಳುವ ಭಯವನ್ನು ಇಷ್ಟು ಹತ್ತಿರದಿಂದ ತೋರಿಸಿದ ಕಾದಂಬರಿಗಳು ಇತ್ತೀಚೆಗೆ ಕಡಿಮೆ. ಕೊನೆ ಏನಾಯಿತು ಎಂದು ನಾನು ಹೇಳುವುದಿಲ್ಲ, ಇಲ್ಲಿ ಆಡದವರಿದ್ದೀರಿ.

ಹೋದವರು ಬಿಟ್ಟ ಕುರುಹುಗಳಿಂದಲೇ ಕಥೆ ಹೇಳುವ ಈ ಕಲೆ ಹುಟ್ಟಿದ್ದು ಒಂದು ಅಡಚಣೆಯಿಂದ. 1994ರಲ್ಲಿ ಲುಕಿಂಗ್ ಗ್ಲಾಸ್ ಸಂಸ್ಥೆಯವರು ‘ಸಿಸ್ಟಮ್ ಶಾಕ್’ ಮಾಡುತ್ತಿದ್ದಾಗ, ಆಟದೊಳಗಿನ ಪಾತ್ರಗಳ ಜೊತೆ ನಂಬುವಂಥ ಸಂಭಾಷಣೆ ನಡೆಸುವುದು ಕಂಪ್ಯೂಟರಿಗೆ ಸಾಧ್ಯವಿರಲಿಲ್ಲ. ಪಟ್ಟಿಯಿಂದ ಆರಿಸಿ ಆಡುವ ಮಾತು ಕೃತಕವಾಗಿ ಕೇಳುತ್ತಿತ್ತು. ಹಾಗಾಗಿ ಅವರು ಆ ಆಟ ನಡೆಯುವ ಸಿಟಾಡೆಲ್ ಎಂಬ ಬಾಹ್ಯಾಕಾಶ ನಿಲ್ದಾಣದಲ್ಲಿ ಮಾತಾಡಲು ಯಾರನ್ನೂ ಉಳಿಸಲಿಲ್ಲ. ಸತ್ತವರು ಬಿಟ್ಟುಹೋದ ಧ್ವನಿಮುದ್ರಿಕೆಗಳನ್ನು ಕೋಣೆಕೋಣೆಗಳಲ್ಲಿ ಇಟ್ಟರು. ಒಂದು ಹಳ್ಳಿಯ ಸ್ಮಶಾನದಲ್ಲಿ ಮಲಗಿದವರೆಲ್ಲ ತಮ್ಮ ಕಥೆ ಹೇಳುವ ‘ಸ್ಪೂನ್ ರಿವರ್ ಆಂಥಾಲಜಿ’ ಎಂಬ ಅಮೆರಿಕನ್ ಕವನ ಸಂಕಲನ ಅದಕ್ಕೆ ಪ್ರೇರಣೆಯಾಗಿತ್ತು. ಸಾಹಿತ್ಯದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ತಾಂತ್ರಿಕ ಕೊರತೆಯೊಂದಕ್ಕೆ ದಾರಿ ಸಿಕ್ಕಿದ್ದು ಕವಿತೆಯಲ್ಲಿ.

ನಿಜವಾಗಿಯೂ ಯಾರೂ ಇಲ್ಲದ, ಸತ್ತಂತೆ ಬಿದ್ದ ನಿಲ್ದಾಣಕ್ಕೆ ಮನುಷ್ಯರು ಹೋದದ್ದುಂಟೆ? ಉಂಟು. ಅದಕ್ಕೂ ಭಾರತಕ್ಕೂ ಸಂಬಂಧವಿದೆ. 1984ರ ಏಪ್ರಿಲ್ 3ರಂದು ಹೊರಟ ರಾಕೇಶ್ ಶರ್ಮಾ ಅವರು ತಂಗಿದ್ದು ಸೋವಿಯತ್ ಒಕ್ಕೂಟದ ಸಲ್ಯೂಟ್-7 ನಿಲ್ದಾಣದಲ್ಲಿ. ಆಗ ಅಲ್ಲಿ ಕಿಜಿಮ್, ಸೊಲೊವ್ಯೋವ್, ಅತ್ಕೋವ್ ಎಂಬ ಮೂವರು ಮೊದಲೇ ಇದ್ದರು. ಅವರು ಆ ವರ್ಷದ ಅಕ್ಟೋಬರ್‌ನಲ್ಲಿ ಭೂಮಿಗೆ ಮರಳಿದ ಮೇಲೆ ನಿಲ್ದಾಣ ಖಾಲಿಯಾಯಿತು. 1985ರ ಫೆಬ್ರುವರಿಯಲ್ಲಿ ಅದರ ಸಂಪರ್ಕವೂ ತಪ್ಪಿತು. ಬ್ಯಾಟರಿ ತುಂಬಿದೆಯೋ ಇಲ್ಲವೋ ಎಂದು ಹೇಳುವ ಸಂವೇದಕ ಕೆಟ್ಟು, ತುಂಬಿದೆ ಎಂದು ತಪ್ಪು ತಿಳಿಸಿತ್ತು. ಸೌರಫಲಕದಿಂದ ಬ್ಯಾಟರಿಗೆ ವಿದ್ಯುತ್ ಹರಿಯುವುದು ನಿಂತು, ಇಡೀ ನಿಲ್ದಾಣ ಕತ್ತಲಾಗಿ ಹೆಪ್ಪುಗಟ್ಟಿತು.

ಜೂನ್‌ನಲ್ಲಿ ಜಾನಿಬೆಕೋವ್ ಮತ್ತು ಸವಿನಿಖ್ ಎಂಬ ಇಬ್ಬರು ಅಲ್ಲಿಗೆ ಹೋದರು. ದಿಕ್ಕು ತಪ್ಪಿ ತೇಲುತ್ತಿದ್ದ ನಿಲ್ದಾಣಕ್ಕೆ ಜಾನಿಬೆಕೋವ್ ಕೈಯಿಂದಲೇ ನೌಕೆ ನಡೆಸಿ ಜೋಡಿಸಿದರು. ಬಾಗಿಲು ತೆರೆದರೆ ಗೋಡೆಗಳ ಮೇಲೆ ಮಂಜು, ನೀರಿನ ತೊಟ್ಟಿಗಳೆಲ್ಲ ಗಡ್ಡೆ. ಉಣ್ಣೆ ಟೋಪಿ, ದಪ್ಪ ಕೋಟು ಹಾಕಿಕೊಂಡು, ಬ್ಯಾಟರಿ ದೀಪದ ಬೆಳಕಿನಲ್ಲಿ ಒಳಗೆ ಸಾಗಿದರು. ಮೇಜಿನ ಮೇಲೆ, ಹಿಂದಿನವರು ಬರುವವರಿಗೆಂದು ಇಟ್ಟುಹೋದ ಒಣ ರೊಟ್ಟಿ ಮತ್ತು ಉಪ್ಪು ಹಾಗೇ ಇತ್ತು. ಅತಿಥಿಗೆ ರೊಟ್ಟಿ-ಉಪ್ಪು ಕೊಟ್ಟು ಬರಮಾಡಿಕೊಳ್ಳುವುದು ರಷ್ಯನ್ನರ ಪದ್ಧತಿ. ಜೋಳದ ರೊಟ್ಟಿಯ ನಾಡಿನವರಿಗೆ ಆ ಮೇಜಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ಇಟ್ಟವರು ರಾಕೇಶ್ ಶರ್ಮಾ ಅವರ ಜೊತೆ ಊಟ ಮಾಡಿದ್ದ ಅದೇ ಮೂವರು. ಬಂದ ಇಬ್ಬರು ಬ್ಯಾಟರಿಗಳನ್ನು ನೇರವಾಗಿ ಸೌರಫಲಕಗಳಿಗೆ ಜೋಡಿಸಿ, ತಮ್ಮ ನೌಕೆಯ ಎಂಜಿನ್ ಬಳಸಿ ನಿಲ್ದಾಣವನ್ನು ಸೂರ್ಯನತ್ತ ತಿರುಗಿಸಿ, ಮೆಲ್ಲಗೆ ಅದಕ್ಕೆ ಜೀವ ತಂದರು.

ಆಟ ಕಟ್ಟುವವರಿಗೆ ಈ ಪ್ರಸಂಗದಲ್ಲಿ ಕಲಿಯಲು ಬಹಳವಿದೆ, ಅದರಲ್ಲೂ ಸದ್ದಿನ ವಿಷಯದಲ್ಲಿ. ನಡೆಯುತ್ತಿರುವ ನಿಲ್ದಾಣ ಒಂದು ಕ್ಷಣವೂ ನಿಶ್ಶಬ್ದವಲ್ಲ. ತೂಕ ತಿಳಿಯದ ಆ ಸ್ಥಿತಿಯಲ್ಲಿ ಬಿಸಿ ಗಾಳಿ ಮೇಲೇರುವುದಿಲ್ಲ, ಮಲಗಿದವರು ಬಿಟ್ಟ ಉಸಿರು ಅವರ ಮುಖದ ಮುಂದೆಯೇ ನಿಂತುಬಿಡುತ್ತದೆ. ಅದಕ್ಕೇ ಫ್ಯಾನುಗಳು ಹಗಲೂ ರಾತ್ರಿ ತಿರುಗಬೇಕು. ಸಲ್ಯೂಟ್-7ರಲ್ಲಿ ಫ್ಯಾನುಗಳು ನಿಂತಿದ್ದವು. ಅಲ್ಲಿ ನಿಶ್ಶಬ್ದವೇ ಅಪಾಯದ ಸೂಚನೆ. ಒಳ್ಳೆಯ ಆಟಗಳಲ್ಲಿ ಹಿನ್ನೆಲೆಯ ಗುಂಯ್‌ಗುಡುವಿಕೆ ಒಮ್ಮೆಲೇ ನಿಂತಾಗ ನಮಗೆ ಯಾಕೆ ಮೈ ಬೆವರುತ್ತದೆ ಎನ್ನುವುದರ ಕಾರಣ ಈ ಭೌತಶಾಸ್ತ್ರದಲ್ಲಿದೆ.

ಇನ್ನು ಇಂದಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. 2000ದ ನವೆಂಬರ್‌ನಿಂದ ಅದು ಒಂದು ದಿನವೂ ಖಾಲಿ ಬಿದ್ದಿಲ್ಲ. 2025ರ ಜೂನ್‌ನಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಅಲ್ಲಿಗೆ ಹೋದಾಗ ನಮ್ಮ ಧಾರವಾಡವೂ ಜೊತೆಗಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ವಿಜ್ಞಾನಿಗಳು ರೂಪಿಸಿದ ಪ್ರಯೋಗಕ್ಕಾಗಿ ಹೆಸರುಕಾಳು ಮತ್ತು ಮೆಂತ್ಯ ಅಲ್ಲಿ ಮೊಳಕೆಯೊಡೆದವು. ನೆನೆಸಿದ ಹೆಸರು ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸುವುದು ನಮ್ಮ ಮನೆಗಳ ಕೆಲಸ. ತಟ್ಟೆಯಲ್ಲಿ ಕಾಳಿಗೆ ನೀರು ಕೊಟ್ಟು, ಮೊಳಕೆ ಬಂದ ಮೇಲೆ ಶೀತಲ ಪೆಟ್ಟಿಗೆಯಲ್ಲಿಟ್ಟು ಭೂಮಿಗೆ ತಂದರು. ಗುರುತ್ವದ ಹಂಗಿಲ್ಲದೆ ಮೊಳೆತ ಕಾಳಿನ ವಂಶವಾಹಿಗಳು, ಪೋಷಕಾಂಶ, ಅದರ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳು ಹೇಗೆ ಬದಲಾಗುತ್ತವೆ ಎಂದು ನೋಡುವುದು ಉದ್ದೇಶ. ಮುಂದೆ ಕನ್ನಡದಲ್ಲಿ ಯಾರಾದರೂ ನಿಲ್ದಾಣದ ಆಟ ಮಾಡಿದರೆ, ಅದರ ಅಡುಗೆಮನೆಯಲ್ಲಿ ಮೆಂತ್ಯದ ತಟ್ಟೆ ಇರಬೇಕು ಎಂದು ನನಗೆ ಆಸೆ. ಅದನ್ನು ಯಾರೂ ಕಲ್ಪನೆ ಎನ್ನುವಂತಿಲ್ಲ.

ಈಗ ನಮ್ಮ ಊರಿಗೆ ಬರೋಣ. ಖಾಲಿ ಜಾಗಗಳಲ್ಲಿ ಹೋದವರನ್ನು ಹುಡುಕುವ ಕಲೆಗೆ ವಿಜಯಪುರಕ್ಕಿಂತ ಒಳ್ಳೆಯ ಶಾಲೆ ನನಗೆ ಗೊತ್ತಿಲ್ಲ. ಮೊಹಮ್ಮದ್ ಆದಿಲ್‌ಶಾಹನ ಗೋಳಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರು. ಮೂಲೆಯ ಏಳು ಅಂತಸ್ತಿನ ಗೋಪುರದೊಳಗಿನ ಕಿರಿದಾದ ಮೆಟ್ಟಿಲು ಹತ್ತಿ, ಕತ್ತಲಿಂದ ಬೆಳಕಿಗೆ ಬಂದು, ಮತ್ತೆ ಒಳಹೊಕ್ಕು ಪಿಸುಮಾತಿನ ಮೊಗಸಾಲೆಗೆ ಸೇರುವ ಆ ದಾರಿಯನ್ನು ಯಾವ ಆಟದ ವಿನ್ಯಾಸಕಾರರಿಗೂ ಪಾಠವಾಗಿ ತೋರಿಸಬಹುದು. ಗೋಡೆಗೆ ಬಾಯಿಟ್ಟು ಆಡಿದ ಪಿಸುಮಾತು ಆಚೆ ತುದಿಯಲ್ಲಿ ಕೇಳುತ್ತದೆ. ಜನ ಹೆಚ್ಚಾದಾಗ ಎಲ್ಲರೂ ಕೂಗುವುದರಿಂದ ಅದು ಮುಳುಗಿಹೋಗುತ್ತದೆ. ದಕ್ಷಿಣದ ಬಾಗಿಲಲ್ಲಿ ‘ಬಿಜಲಿ ಪತ್ಥರ್’ ಎಂಬ ಕಲ್ಲು ತೂಗುತ್ತದೆ. ಆಕಾಶದಿಂದ ಬಿದ್ದ ಉಲ್ಕೆ ಅದು, ಸಿಡಿಲಿನಿಂದ ಕಟ್ಟಡವನ್ನು ಕಾಯುತ್ತದೆ ಎಂಬ ನಂಬಿಕೆ ಹಳೆಯದು. ಎಷ್ಟೋ ಜನ ಅದರ ಕೆಳಗೇ ದಾಟಿಹೋಗುತ್ತಾರೆ, ತಲೆ ಎತ್ತುವವರು ಕಡಿಮೆ. ಬಾರಾ ಕಮಾನ್ ಇನ್ನೊಂದು ಬಗೆ. ಎರಡನೆಯ ಅಲಿ ಆದಿಲ್‌ಶಾಹನಿಗೆಂದು ಶುರುವಾಗಿ ನಿಂತುಹೋದ ಕೆಲಸ. ಕಟ್ಟಡ ಹೇಗೆ ಏಳುತ್ತಿತ್ತು ಎನ್ನುವುದನ್ನು ಮುಗಿದ ಗುಮ್ಮಟಕ್ಕಿಂತ ಮುಗಿಯದ ಕಮಾನು ಚೆನ್ನಾಗಿ ಹೇಳುತ್ತದೆ.

ಆದರೆ ಈ ಜಾಗಗಳಲ್ಲಿ ನಮಗೆ ಸಿಗುವ ಹೆಸರುಗಳೆಲ್ಲ ಅರಸರವು, ರಾಣಿಯರವು. ಇಬ್ರಾಹಿಂ ರೋಜಾದ ಶಾಸನದಲ್ಲಿ, ಆ ಕಟ್ಟಡದ ಕೆಲಸ ನಡೆಸಿದ ಮಲಿಕ್ ಸಂದಲ್ ಎಂಬ ಹೆಸರು ಉಳಿದದ್ದೇ ಪುಣ್ಯ. ಅಲ್ಲಿನ ಕಿಟಕಿಗಳಲ್ಲಿ ಕಲ್ಲನ್ನೇ ಅಕ್ಷರವಾಗಿ ಕೊರೆದ ಕೈಗಳ ಹೆಸರಿಲ್ಲ. ತೊರವಿಯ ಕಡೆಯಿಂದ ನೆಲದೊಳಗೆ ಸುರಂಗ ತೋಡಿ ನಗರಕ್ಕೆ ನೀರು ತಂದವರ, ಬೇಗಂ ತಲಾಬಿನಿಂದ ಮಣ್ಣಿನ ಕೊಳವೆ ಹಾಕಿದವರ, ಒತ್ತಡಕ್ಕೆ ಕೊಳವೆ ಒಡೆಯದಂತೆ ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ಎಬ್ಬಿಸಿದವರ ಸುದ್ದಿಯೇ ಇಲ್ಲ. ಟಕೋಮಾ ನನಗೆ ಮುಖ್ಯವಾಗುವುದು ಇಲ್ಲಿ. ಅದರಲ್ಲಿ ಕಂಪನಿಯ ಮಾಲೀಕರ ಕೋಣೆ ಇಲ್ಲ. ಪೈಪು, ಗಾಳಿ, ಸರಕು ನೋಡಿಕೊಳ್ಳುವವರ ಕೋಣೆಗಳಿವೆ. ನಾವು ಒಬ್ಬರೇ ತಿರುಗುತ್ತಿದ್ದರೂ ಪ್ರತಿ ಗಳಿಗೆಯೂ ಅವರ ಜೊತೆಯಲ್ಲೇ ಇರುತ್ತೇವೆ. ದುಡಿದು ಹೋದವರನ್ನು ಹೀಗೆ ಹತ್ತಿರ ತಂದುಕೊಡುವ ಶಕ್ತಿ ಈ ಪ್ರಕಾರಕ್ಕಿದೆ. ನಮ್ಮ ಸೀಮೆಯ ಚರಿತ್ರೆಗೆ ಅತ್ಯಂತ ಬೇಕಾದದ್ದೂ ಅದೇ. ಈ ವಿಚಾರಸಂಕಿರಣದ ಆಶಯ ಏನೆಂದು ಒಂದೇ ಮಾತಿನಲ್ಲಿ ಕೇಳಿದರೆ ಇದನ್ನೇ ಹೇಳುತ್ತೇನೆ.

ಇಂಥ ಆಟ ಮಾಡುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ಬೆಂಗಳೂರಿನಲ್ಲಿ ರಾಜೇಶ್ ರಾವ್ 1997ರಲ್ಲಿ ಧ್ರುವ ಇಂಟರ್ಯಾಕ್ಟಿವ್ ಶುರುಮಾಡಿದಾಗ ದೇಶದಲ್ಲಿ ಈ ಉದ್ಯಮವೇ ಇರಲಿಲ್ಲವೆನ್ನಬೇಕು. ಹೊರದೇಶದ ದೊಡ್ಡ ಆಟಗಳಿಗೆ ಚಿತ್ರಕಲೆಯ ಕೆಲಸ ಮಾಡಿಕೊಟ್ಟ ಆ ಸಂಸ್ಥೆಯನ್ನು 2019ರಲ್ಲಿ ರಾಕ್‌ಸ್ಟಾರ್ ಎಂಬ ಗೇಮ್ ಕಂಪನಿ ಕೊಂಡುಕೊಂಡಿತು. ರಾಜ್ಯ ಸರ್ಕಾರ 2012ರಲ್ಲೇ ಅನಿಮೇಷನ್, ಗೇಮಿಂಗ್‌ಗೆ ನೀತಿ ತಂದಿತು. ಕೈಚಳಕ ನಮ್ಮಲ್ಲಿದೆ. ಬೇರೆಯವರ ಕಥೆಗೆ ಕುರ್ಚಿ, ಗೋಡೆ, ಬಾಗಿಲು ಮಾಡಿಕೊಟ್ಟು ಅಭ್ಯಾಸವೂ ಆಗಿದೆ. ನಮ್ಮ ಕಥೆ ಬರಬೇಕಾಗಿದೆ.

ಇಂಥ ಆಟಕ್ಕೆ ನೂರಾರು ಮಂದಿ ಬೇಡ. ಓಡುವ, ಕಾದಾಡುವ ಪಾತ್ರಗಳಿಲ್ಲವಾದ್ದರಿಂದ ಕಷ್ಟದ ಅರ್ಧ ಕೆಲಸ ಅಲ್ಲೇ ಇಳಿಯುತ್ತದೆ. ಮೂರು ಆಯಾಮದ ಚಿತ್ರ ಮಾಡುವ ಬ್ಲೆಂಡರ್, ಆಟ ಕಟ್ಟುವ ಗೋಡೋ ಎರಡೂ ಉಚಿತ ತಂತ್ರಾಂಶಗಳು. ಕನ್ನಡದ ಮಟ್ಟಿಗೆ ಒಂದು ಮಾತು: ಆಟದೊಳಗೆ ಕನ್ನಡ ಬರೆದರೆ ಒತ್ತಕ್ಷರ ಚೆಲ್ಲಾಪಿಲ್ಲಿಯಾಗುವುದು ಬಹುಕಾಲದ ತೊಂದರೆ. 2023ರಲ್ಲಿ ಬಂದ ಗೋಡೋ 4 ಅಕ್ಷರ ಕೂಡಿಸುವ ವ್ಯವಸ್ಥೆಯನ್ನು ಒಳಗೇ ತಂದಿದ್ದರಿಂದ ‘ಒಣದ್ರಾಕ್ಷಿ’ ಎಂಬ ಪದ ಪರದೆಯ ಮೇಲೆ ಸರಿಯಾಗಿ ನಿಲ್ಲುತ್ತದೆ. ಗೋಡೆಯ ಮೇಲಿನ ಚೀಟಿಯನ್ನು ಓದುವುದೇ ಆಟವಾಗಿರುವ ಪ್ರಕಾರದಲ್ಲಿ ಇದು ಸಣ್ಣ ಸಂಗತಿಯಲ್ಲ. ನಿಲ್ದಾಣದಲ್ಲಿರುವವರು ಇಂಗ್ಲಿಷಿನಲ್ಲೇ ಡೈರಿ ಬರೆಯಬೇಕೆಂಬ ಕಟ್ಟಳೆ ಎಲ್ಲಿದೆ? ನಮ್ಮ ಬಬಲೇಶ್ವರದ ಹುಡುಗಿಯೊಬ್ಬಳು ಅಲ್ಲಿ ಎಂಜಿನಿಯರಾಗಿದ್ದರೆ ಅವಳು ಅವ್ವನಿಗೆ ಕಳಿಸುವ ಧ್ವನಿಸಂದೇಶ ಈ ಸೀಮೆಯ ಮಾತಿನಲ್ಲೇ ಇರುತ್ತದೆ. ‘ಅರಾಮ ಅದೀನಿ, ನೀ ಉಂಡಿಯಿಲ್ಲೋ’ ಎಂದೇ ಕೇಳುತ್ತಾಳೆ. ಆ ದನಿಯನ್ನು ತಿದ್ದಿ ಪುಸ್ತಕದ ಕನ್ನಡ ಮಾಡಬೇಡಿ.

ಮಧ್ಯಾಹ್ನದ ಗೋಷ್ಠಿಯಲ್ಲಿ ಇಂಥ ಆಟದ ಜಾಗದ ನಕ್ಷೆ ಬರೆಯಲು ನಿಮಗೆ ಹಾಳೆ ಕೊಡುತ್ತಾರೆ. ಟಿಕೋಟಾದ ಕಡೆಯವರು ಒಣದ್ರಾಕ್ಷಿ ಶೆಡ್ಡೊಂದನ್ನು ತೆಗೆದುಕೊಳ್ಳಿ. ಸುಗ್ಗಿ ಮುಗಿದ ಮೇಲೆ ಶೆಡ್ಡು ಖಾಲಿ ಬಿದ್ದಿರುತ್ತದೆ. ಹಸಿರು ನೆರಳುಬಲೆ, ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಲರಿ, ದ್ರಾಕ್ಷಿ ಅದ್ದುವ ತೊಟ್ಟಿ, ಮೂಲೆಯಲ್ಲಿ ಉಳಿದ ಕ್ರೇಟು. ಅಲ್ಲಿ ಕಾಯಿ ಆರಿಸಿದ ಹೆಣ್ಣುಮಕ್ಕಳು ಯಾರು, ಕೂಲಿ ಲೆಕ್ಕ ಎಲ್ಲಿ ಬರೆದಿದ್ದರು, ರಾತ್ರಿ ಕಾವಲಿಗಿದ್ದವರು ಎಲ್ಲಿ ಮಲಗುತ್ತಿದ್ದರು, ಒಳಗೆ ಬಂದ ಅಪರಿಚಿತರಿಗೆ ಇದೆಲ್ಲ ಯಾವ ವಸ್ತುವಿನಿಂದ ತಿಳಿಯಬೇಕು ಎಂದು ಗುರುತು ಹಾಕಿ. ಬಬಲೇಶ್ವರದವರು ಮಮದಾಪುರದ ಕೆರೆಯ ಕಟ್ಟೆಯನ್ನು ಆರಿಸಿಕೊಳ್ಳಬಹುದು. ನಗರದವರು ತಾಜ್ ಬಾವಡಿಯ ಮೆಟ್ಟಿಲನ್ನೋ ಸುರಂಗ ಬಾವಡಿಯನ್ನೋ ಬರೆಯಲಿ. ಮಾತಾಡಿಸಲು ಯಾರೂ ಸಿಗುವುದಿಲ್ಲ ಎಂದುಕೊಂಡೇ ಬರೆಯಿರಿ. ಬರೆದಾದ ಮೇಲೆ ಆ ಜಾಗಕ್ಕೆ ಹೋಗಿ ಅಲ್ಲಿ ದುಡಿದ ಹಿರಿಯರನ್ನು ಹುಡುಕಿ, ಅವರ ಒಪ್ಪಿಗೆ ಪಡೆದು ಅವರ ಮಾತು ಮುದ್ರಿಸಿಕೊಳ್ಳಿ. ನೀವು ಹಾಕಿದ ಗುರುತುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಅವರೇ ಹೇಳುತ್ತಾರೆ. ಆಟ ಮುಗಿದಾಗ ಬರುವ ಹೆಸರುಪಟ್ಟಿಯಲ್ಲಿ ಅವರ ಹೆಸರು ನಿಮ್ಮ ಹೆಸರಿಗಿಂತ ಮೊದಲು ಬರಲಿ.