ಕೆಂಗುಡ್ಡದ ಕಲ್ಲುಬಂಡಿ

ಭಾರತದ ಮೊದಲ ರೈಲು ಯಾವುದೆಂದು ಕೇಳಿದರೆ, ೧೮೫೩ರ ಏಪ್ರಿಲ್ ೧೬ರಂದು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ಹೊರಟ ಗಾಡಿಯೆಂದು ನಾವೆಲ್ಲ ಥಟ್ಟನೆ ಹೇಳುತ್ತೇವೆ. ನಾನೂ ಬಹುಕಾಲ ವಿದ್ಯಾರ್ಥಿಗಳಿಗೆ ಹಾಗೆಯೇ ಪಾಠ ಹೇಳಿದವನು. ಅದಕ್ಕೂ ಹದಿನಾರು ವರ್ಷ ಮೊದಲೇ, ೧೮೩೭ರಲ್ಲಿ, ಮದರಾಸಿನ ರೆಡ್‌ಹಿಲ್ಸ್‌ನಿಂದ ಚಿಂತಾದ್ರಿಪೇಟೆಯವರೆಗೆ ಕಂಬಿಗಳ ಮೇಲೆ ಬಂಡಿಗಳು ಓಡಿದ್ದವೆಂದು ಓದಿದಾಗ ನನಗೆ ನಾಚಿಕೆಯಾಯಿತು.

ಅದರ ನಿರ್ಮಾಪಕ ಆರ್ಥರ್ ಕಾಟನ್. ಮುಂದೆ ಧವಳೇಶ್ವರದಲ್ಲಿ ಗೋದಾವರಿಗೆ ಅಣೆಕಟ್ಟು ಕಟ್ಟಿಸಿದಾತ. ಬಂಡಿಯಲ್ಲಿ ಪ್ರಯಾಣಿಕರಿರಲಿಲ್ಲ, ಪಟ್ಟಣದ ರಸ್ತೆಗಳಿಗೆ ಬೇಕಾದ ಜಂಬಿಟ್ಟಿಗೆ ಕಲ್ಲನ್ನು ಹೊರುವುದೇ ಅದರ ಕೆಲಸ. ಜನರ ನೆನಪಿನಿಂದ ಅದು ಜಾರಿಹೋದದ್ದು ಇದರಿಂದಲೇ ಎಂದು ನನ್ನ ಊಹೆ. ಠಾಣೆಯ ಗಾಡಿಯಲ್ಲಿ ೪೦೦ ಮಂದಿ ಅತಿಥಿಗಳಿದ್ದರು, ೨೧ ತೋಪುಗಳ ಮರ್ಯಾದೆಯಿತ್ತು. ಕಲ್ಲಿಗೆ ಯಾರು ತೋಪು ಹಾರಿಸಿಯಾರು!

ಕುರುಹನ್ನರಸಿ ಒಮ್ಮೆ ರೆಡ್‌ಹಿಲ್ಸ್‌ಗೆ ಹೋದೆ. ಆ ಊರಿನ ತಮಿಳು ಹೆಸರು ಸೆಂಗುನ್ರಂ. ನಮ್ಮ ಮಾತಿನಲ್ಲಿ ಹೇಳುವುದಾದರೆ ಕೆಂಗುಡ್ಡ. ಕಲ್ಲಿನ ಬಣ್ಣ ಹೆಸರಿನಲ್ಲಿ ಉಳಿದಿದೆ. ಕಂಬಿಯ ತುಣುಕೂ ನನ್ನ ಕಣ್ಣಿಗೆ ಬೀಳಲಿಲ್ಲ. ಕೆರೆಯ ಬಳಿ ವೃದ್ಧರೊಬ್ಬರನ್ನು ವಿಚಾರಿಸಿದೆ. “ರೈಲೇ? ಇಲ್ಲಿ ಬಸ್ಸು ಮಾತ್ರ” ಎಂದು ಅವರು ನಿಲ್ದಾಣದ ಕಡೆ ಕೈ ತೋರಿದರು.

ಬಸ್ಸು ಹತ್ತಿದೆ. ಪಟ್ಟಣ ಮುಟ್ಟುವವರೆಗೂ ಕಂಬಿಯ ಗೊಡವೆಗೆ ಹೋಗದೆ, ಚಕ್ರದಡಿಯ ರಸ್ತೆಯನ್ನೇ ನೋಡುತ್ತ ಕುಳಿತಿದ್ದೆ.