ಕೊರತೆಯ ವಿದ್ಯುತ್ತಿನಲ್ಲಿ ಕಿರುಗಣಕದ ಸಂಸಾರ

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಂಚಿನಲ್ಲಿ ಹೊಲವುಳ್ಳವರಿಗೆ ನೀರು ಬಂದಾಗ ಬಂತು, ನಿಂತಾಗ ನಿಂತಿತು. ಆದ್ದರಿಂದ ಜಾಣ ರೈತನು ಯಾವ ಮಡಿಗೆ ಮೊದಲು ನೀರು ಹಾಯಿಸಬೇಕೆಂಬುದನ್ನು ಮುಂಚೆಯೇ ಎಣಿಸಿಟ್ಟಿರುತ್ತಾನೆ. ನಮ್ಮ ಮರಳಿ, ಗಂಗಾವತಿಯ ಸೀಮೆಗೆ ಈ ನೀತಿ ಹೊಸದಲ್ಲ. ವಿದ್ಯುತ್ತನ್ನು ಬಿಸಿಲಿನಿಂದ ಸಂಪಾದಿಸಿ ಬಾಳುವ ಪುಟ್ಟ ಗಣಕಯಂತ್ರಗಳದೂ ಇದೇ ನೀತಿಯೆಂಬುದನ್ನು ತಮ್ಮ ಮುಂದೆ ನಿವೇದಿಸುತ್ತೇನೆ.

ದೂರದ ಉದಾಹರಣೆ ಬೇಡ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಸಂಸ್ಥೆಯೇ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಅದು ಗ್ರಾಮ ಪಂಚಾಯತಿಗಳಲ್ಲಿ 6,000ಕ್ಕೂ ಮಿಕ್ಕಿ ಮಳೆಮಾಪಕಗಳನ್ನು ನಿಲ್ಲಿಸಿದೆ. ಮಳೆನೀರು ಒಳಗಿನ ಕಿರುಬಟ್ಟಲನ್ನು ತುಂಬಿ ಮಗುಚಿದರೆ ಒಂದು ಎಣಿಕೆ. ಆ ಲೆಕ್ಕವು 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಬೆಂಗಳೂರು ಸೇರುತ್ತದೆ. ಸೌರಫಲಕ ಮತ್ತು ಬ್ಯಾಟರಿ, ಇವೇ ಅದರ ಆಸ್ತಿ. ಮಳೆಗಾಲದಲ್ಲಿ ಕೆಲಸ ಹೆಚ್ಚುತ್ತದೆ. ಮೋಡ ಕವಿದು ಆದಾಯ ಮಾತ್ರ ಕುಗ್ಗುತ್ತದೆ!

ಇಂಥ ಯಂತ್ರಗಳ ಮೊದಲ ಉಪಾಯ ನಿದ್ರೆ. ಎಣಿಸುವುದಕ್ಕೆ ಖರ್ಚು ಅತ್ಯಲ್ಪ. ಸುದ್ದಿ ಕಳಿಸುವುದಕ್ಕೆ ಬಹಳ. ಆದುದರಿಂದ ಕ್ಷಣಕಾಲ ಎಚ್ಚತ್ತು, ಕೆಲಸ ಮುಗಿಸಿ, ಮತ್ತೆ ಮಲಗುವುದು.

ಎರಡನೆಯದು, ಬರೆದಿಡುವುದು. ವಿದ್ಯುತ್ತು ಹೋದರೆ ಗಣಕದ ತಾತ್ಕಾಲಿಕ ಸ್ಮೃತಿ ಅಳಿದುಹೋಗುತ್ತದೆ. ಬ್ಯಾಟರಿಯೂ ಇಲ್ಲದೆ ರೇಡಿಯೊ ಅಲೆಗಳಿಂದಲೇ ಶಕ್ತಿ ಹೀರುವ ಕಿರುಗಣಕಗಳಿಗೆ ಈ ಮರಣ ಕ್ಷಣಕ್ಷಣದ ಮಾತು. ಇವುಗಳಿಗಾಗಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ 'ಮೆಮೆಂಟೋಸ್' ಎಂಬ ವ್ಯವಸ್ಥೆಯನ್ನು ಪ್ರಕಟಿಸಿದರು. ಶಕ್ತಿ ಕುಂದುತ್ತಿರುವುದನ್ನು ಅಳೆದು, ಅದುವರೆಗಿನ ಕೆಲಸವನ್ನು ಅಳಿಯದ ಸ್ಮೃತಿಯಲ್ಲಿ ಬರೆದಿಟ್ಟು, ಮರುಜೀವ ಬಂದಾಗ ಅಲ್ಲಿಂದಲೇ ಮುಂದುವರಿಯುವುದು ಅದರ ಕ್ರಮ.

ಇಲ್ಲೊಂದು ಸೂಕ್ಷ್ಮವುಂಟು. ಮೊತ್ತಕ್ಕೆ ಒಂದನ್ನು ಕೂಡಿಸಿದ ಮೇಲೆ, 'ಕೂಡಿಸಿದ್ದಾಯಿತು' ಎಂದು ಗುರುತು ಹಾಕುವ ಮುನ್ನ ಶಕ್ತಿ ಹೋಯಿತೆನ್ನಿ. ಎಚ್ಚತ್ತ ಗಣಕವು ಅದನ್ನೇ ಮತ್ತೊಮ್ಮೆ ಕೂಡಿಸೀತು. ಗುರುತು ಮೊದಲು ಬಿದ್ದರೆ ಎಣಿಕೆಯೇ ತಪ್ಪೀತು. ಆದಕಾರಣ ಎರಡನ್ನೂ ಒಂದೇ ಗಂಟಾಗಿ ಕಟ್ಟಬೇಕು: ಆದರೆ ಎರಡೂ ಆಗಬೇಕು, ಇಲ್ಲವಾದರೆ ಎರಡೂ ಆಗಬಾರದು.

ಒಂದು ಬಟ್ಟಲು ನೀರಿಗೆ ಇಷ್ಟು ವಿಚಾರವೇ ಎಂದೀರಿ. ಹವಾಮಾನಾಧಾರಿತ ಬೆಳೆವಿಮೆಯ ಪರಿಹಾರ ನಿರ್ಣಯವಾಗುವುದು ಮಳೆಯ ಇಂಥ ಲೆಕ್ಕದಿಂದಲೇ. ಕುಷ್ಟಗಿಯ ದಾಳಿಂಬೆ ಬೆಳೆಗಾರನಿಗೆ ಬಾರದ ಮಳೆ ಬಂದಂತೆ ಬರೆದರೆ ಪರಿಹಾರವೇ ತಪ್ಪೀತು.

ಶಕ್ತಿ ಎಷ್ಟಿದೆಯೆಂದು ಅರಿಯುವುದು, ಅಗತ್ಯವಾದುದನ್ನು ಮೊದಲು ಮಾಡುವುದು, ಮಾಡಿದ್ದನ್ನು ಕೂಡಲೇ ಬರೆದಿಡುವುದು: ಇವು ಮೂರೂ ಯಂತ್ರದ ಪಾಲು. ಸೌರಫಲಕಕ್ಕೆ ಗಿಡದ ನೆರಳು ಬೀಳದಂತೆ, ದನಕರು ಕಂಬಕ್ಕೆ ಮೈಯುಜ್ಜದಂತೆ ನೋಡಿಕೊಳ್ಳುವುದು ಊರವರ ಪಾಲು.